ಓದಿದ್ದಕ್ಕೆ ಕಾಲಂ ಇಲ್ಲ

ಮೈಸೂರು–ಮಂಡ್ಯ ಸೀಮೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಕೊನೇ ವರ್ಷ ಟೆಕ್ನಿಕಲ್ ಸೆಮಿನಾರ್ ಅಂತೊಂದು ಬರುತ್ತದೆ. ಉದ್ದೇಶ ಬಲು ದೊಡ್ಡದು. ಈಚಿನ ಒಂದು ಸಂಶೋಧನಾ ಪೇಪರ್ ಆರಿಸಬೇಕು, ಓದಬೇಕು, ಸಾರ ಬರೆಯಬೇಕು, ಎಲ್ಲರೆದುರು ನಿಂತು ಹೇಳಬೇಕು. ಈ ನಾಲ್ಕರಲ್ಲಿ ಮೂರನ್ನು ನಮ್ಮವರು ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಾರೆ. ಎರಡನೆಯದು ಮಾತ್ರ ಯಾರ ಕಣ್ಣಿಗೂ ಬೀಳದ ಕೆಲಸ, ಹಾಗಾಗಿ ಅದಕ್ಕೆ ಯಾರೂ ಕೈಹಾಕುವುದಿಲ್ಲ. ಮಾರ್ಕ್ಸ್ ಶೀಟು ನೋಡಿದರೆ ಕಾರಣ ಗೊತ್ತಾಗುತ್ತದೆ. ರಿಪೋರ್ಟಿಗಿಷ್ಟು, ಪ್ರೆಸೆಂಟೇಷನ್ನಿಗಿಷ್ಟು, ಪ್ರಶ್ನೋತ್ತರಕ್ಕಿಷ್ಟು. ಓದಿದ್ದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಕೆಲಸವನ್ನು ಸುಮ್ಮನೆ ಮಾಡುವವನು ನಮ್ಮಲ್ಲಿ ಅನುಮಾನಕ್ಕೆ ಗುರಿಯಾಗುತ್ತಾನೆ.

ಎಸ್. ಕೇಶವ್ ಎಂಬ ಕಂಪ್ಯೂಟರ್ ವಿಜ್ಞಾನಿ 2007ರಲ್ಲಿ ಪೇಪರ್ ಓದುವ ಬಗೆಯನ್ನು ಎರಡೇ ಪುಟದಲ್ಲಿ ಬರೆದಿಟ್ಟರು. ಮೂರು ಸುತ್ತು ಓದಿ ಅಂದರು. ಮೊದಲ ಸುತ್ತಿಗೆ ಐದರಿಂದ ಹತ್ತು ನಿಮಿಷ: ಶೀರ್ಷಿಕೆ, ಅಬ್‌ಸ್ಟ್ರಾಕ್ಟ್ ಎಂಬ ಆರಂಭದ ಸಾರಾಂಶ, ಪೀಠಿಕೆ, ಉಪಶೀರ್ಷಿಕೆ, ತೀರ್ಮಾನ, ಆಕರಗಳ ಮೇಲೊಂದು ಕಣ್ಣು. ಎರಡನೇ ಸುತ್ತಿಗೆ ಒಂದು ಗಂಟೆ: ಗ್ರಾಫುಗಳನ್ನು ಜರಡಿ ಹಿಡಿಯಬೇಕು, ಅಕ್ಷಗಳಿಗೆ ಹೆಸರಿದೆಯೇ, ಅಳತೆ ಎಷ್ಟು ಹೆಚ್ಚುಕಮ್ಮಿ ಆದೀತೆಂದು ತೋರಿಸುವ ಎರರ್ ಬಾರ್ ಇದೆಯೇ ನೋಡಬೇಕು. ಮೂರನೇ ಸುತ್ತಿನಲ್ಲಿ ಆ ಕೆಲಸವನ್ನು ನಾವೇ ಮೊದಲಿಂದ ಮಾಡುತ್ತಿದ್ದೇವೆ ಎಂಬಂತೆ ಹೆಜ್ಜೆಹೆಜ್ಜೆಗೂ ಲೇಖಕನನ್ನು ತಡೆದು ಕೇಳಬೇಕು. ಹೊಸಬರಿಗೆ ಇದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ.

ನಮ್ಮಲ್ಲೂ ಮೂರು ಸುತ್ತೇ. ಮೊದಲ ಸುತ್ತು ವಾಟ್ಸ್ಯಾಪ್ ಗ್ರೂಪಿನಲ್ಲಿ: ‘ಯಾರ ಹತ್ರಾದ್ರೂ ಪೇಪರ್ ಐತಾ ಮಗಾ?’ ಎರಡನೇ ಸುತ್ತು ಜೆರಾಕ್ಸ್ ಅಂಗಡಿಯಲ್ಲಿ. ಮೂರನೆಯದು ಗೈಡ್ ಆಗಿರುವ ಮೇಷ್ಟ್ರ ಸಹಿಗಾಗಿ ಸ್ಟಾಫ್ ರೂಮಿನ ಸುತ್ತ. ಹೊಸಬರಿಗೆ ಇದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ.

ಜೆರಾಕ್ಸ್ ಅಂಗಡಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಮಂಡ್ಯದಲ್ಲಿ ಕಾಲೇಜಿನ ಆಸುಪಾಸು ಇರುವ ಯಾವ ಅಂಗಡಿಯಾದರೂ ಸರಿ, ಸೆಮಿನಾರ್ ಕಾಲದಲ್ಲಿ ಸಂಜೆ ಐದರ ಮೇಲೆ ಹೋಗಿ ನಿಂತರೆ ಈ ಮಾತುಕತೆ ಕಿವಿಗೆ ಬೀಳುತ್ತದೆ:

“ಅಣ್ಣಾ, ಬ್ಲಾಕ್‌ಚೈನ್ ಐತಾ?”

“ಹೋದೊರ್ಸದ್ದೂ ಐತೆ, ಅದ್ರ ಹಿಂದಿಂದೂ ಐತೆ. ಯಾವ್ದು ಬೇಕು?”

“ನಮ್ ಮೇಡಮ್ಮು ಹೊಸದೇ ಬೇಕು ಅಂತಾರೆ ಕಣಣ್ಣ.”

“ಹಂಗಾರೆ ಹಳೇದೇ ತಗೊ, ಇಸ್ವಿ ಬದಲಾಯ್ಸಿ ಕೊಡ್ತೀನಿ. ಯುಎಸ್‌ಎನ್ ರಿಜಿಸ್ಟರ್ ನಂಬರ್ ಮಾತ್ರ ನೆಪ್ಪಾಗಿ ತಿದ್ದು. ಹೋದ್ಸಲ ಒಬ್ಬ ಸೀನಿಯರ್ ಹೆಸ್ರಲ್ಲೇ ಬೈಂಡಿಂಗ್ ಮಾಡಿಸ್ಕಂಡು ಹೋದ.”

“ಆಮೇಲೆ?”

“ಆಮೇಲೇನು, ಪಾಸಾದ.”

ಬ್ಲಾಕ್‌ಚೈನ್ ಅಂದರೆ ಯಾರೂ ಗುಟ್ಟಾಗಿ ತಿದ್ದಲಾಗದಂತೆ ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕ. ಅದಕ್ಕೆ ಮೂಲವಾದ ಬಿಟ್‌ಕಾಯಿನ್ ಪೇಪರ್ 2008ರಲ್ಲಿ ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬಂತು. ಒಂಬತ್ತೇ ಪುಟ. ನಮ್ಮ ರಿಪೋರ್ಟಿನಲ್ಲಿ ಸರ್ಟಿಫಿಕೇಟು, ಡಿಕ್ಲರೇಷನ್ನು, ಪರಿವಿಡಿ, ಚಿತ್ರಗಳ ಪಟ್ಟಿ, ಅಕ್ನಾಲೆಜ್‌ಮೆಂಟು ಇವೆಲ್ಲ ಮುಗಿದು ಮೊದಲ ಅಧ್ಯಾಯ ಶುರುವಾಗುವ ಹೊತ್ತಿಗೇ ಅಷ್ಟು ಪುಟ ಆಗಿಹೋಗಿರುತ್ತದೆ. ಅಕ್ನಾಲೆಜ್‌ಮೆಂಟಿನಲ್ಲಿ ಆಡಳಿತ ಮಂಡಳಿಗೆ, ಪ್ರಿನ್ಸಿಪಾಲರಿಗೆ, ಎಚ್‌ಓಡಿಗೆ, ಗೈಡಿಗೆ, ತಂದೆತಾಯಿಗೆ, ಗೆಳೆಯರಿಗೆ, ಬೋಧಕೇತರ ಸಿಬ್ಬಂದಿಗೆ ಎಲ್ಲರಿಗೂ ನಮಸ್ಕಾರ ಸಲ್ಲುತ್ತದೆ. ಪೇಪರ್ ಬರೆದವನಿಗೊಬ್ಬನಿಗೆ ಇಲ್ಲ.

‘ಹೊಸದೇ ಬೇಕು’ ಎಂಬ ಷರತ್ತಿನ ಮಹಿಮೆಯೂ ಸಣ್ಣದಲ್ಲ. ಇಂತಿಷ್ಟು ವರ್ಷಕ್ಕಿಂತ ಹಳೆಯ ಪೇಪರ್ ನಡೆಯದು. ಕಂಪ್ಯೂಟರ್ ಅನ್ನುವ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು 1936ರಲ್ಲೇ ಬರೆದ ಅಲನ್ ಟ್ಯೂರಿಂಗ್ ಖುದ್ದಾಗಿ ನಮ್ಮ ಸೆಮಿನಾರ್ ಹಾಲಿಗೆ ಬಂದು ನಿಂತರೂ “ಲೇಟೆಸ್ಟು ಏನಾದ್ರೂ ತಗೊಳ್ಳಪ್ಪ, ಇದು ನಮ್ಮ ತಾತನ ಕಾಲದ್ದು” ಅಂತ ವಾಪಸ್ ಕಳಿಸುತ್ತೇವೆ. 1948ರಲ್ಲಿ ಮಾಹಿತಿ ಸಿದ್ಧಾಂತಕ್ಕೆ ಬುನಾದಿ ಹಾಕಿದ ಕ್ಲಾಡ್ ಶಾನನ್‌ಗೂ ಅದೇ ಗತಿ. ಅಡಿಪಾಯ ಓದಬಾರದು, ನೇರವಾಗಿ ನಾಲ್ಕನೇ ಮಹಡಿಗೆ ಬಣ್ಣ ಹೊಡೆಯಬೇಕು.

ಪೇಪರ್ ಸಿಗುವುದಿಲ್ಲ ಎಂಬ ನೆಪವಾದರೂ ಉಳಿದಿದೆಯೇ ಅಂದರೆ ಅದೂ ಇಲ್ಲ. 1991ರಲ್ಲಿ ಶುರುವಾದ ಪೇಪರುಗಳ ಆನ್‌ಲೈನ್ ಸಂಗ್ರಹ ಆರ್‌ಕೈವ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ಪೇಪರುಗಳು ರಾಶಿ ಬಿದ್ದಿವೆ, ಕಾಸಿಲ್ಲ, ಲಾಗಿನ್ ಇಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟು, ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳ ಬಾಗಿಲು ತೆರೆಸಿತು. ಓದದೆ ಬಿಡುವುದಕ್ಕೆ ಇಷ್ಟೊಂದು ಆಯ್ಕೆ ನಮ್ಮ ಹಿರಿಯರಿಗಿರಲಿಲ್ಲ.

ಇನ್ನು ಸಾರ ಬರೆಯುವ ಕೆಲಸ. ಮೊದಲೆಲ್ಲ ಅಬ್‌ಸ್ಟ್ರಾಕ್ಟನ್ನು ಎತ್ತಿ ಅಂಟಿಸಿದರೆ ಸಾರ ಆಗುತ್ತಿತ್ತು. 2018ರಲ್ಲಿ ಯುಜಿಸಿ ಕೃತಿಚೌರ್ಯಕ್ಕೆ ನಿಯಮ ತಂದು, ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಮೇಲೆ ಹೋದರೆ ಹಂತಹಂತವಾಗಿ ಶಿಕ್ಷೆ ಅಂದಿತು. ಅಂದಿನಿಂದ ಸಾರ ಬರೆಯುವುದೆಂದರೆ ಆ ಪರ್ಸೆಂಟೇಜು ಇಳಿಸುವುದು ಅಂತಾಯಿತು. ಇಳಿಸಲು ಸಾಫ್ಟ್‌ವೇರ್ ಇದೆ, ಇಳಿದಿದೆಯೇ ನೋಡಲೂ ಸಾಫ್ಟ್‌ವೇರ್ ಇದೆ. ಈಗಂತೂ ಚಾಟ್‌ಬಾಟ್ ಬಂದಿರುವುದರಿಂದ ಸಾರ ಬರೆಯುವುದೂ ಅದೇ, ಮೇಷ್ಟ್ರಿಗೆ ಐದು ಪ್ರಶ್ನೆ ಹೊಸೆದು ಕೊಡುವುದೂ ಅದೇ. ಎರಡೂ ಕಡೆ ಒಂದೇ ಯಂತ್ರ ಕೂತಿರುವುದರಿಂದ ವಿವಾದಕ್ಕೆ ಎಡೆಯಿಲ್ಲ.

ಇದು ನಮ್ಮೂರ ರೋಗ ಮಾತ್ರ ಅಂದುಕೊಂಡು ಯಾರೂ ನಾಚಬೇಕಿಲ್ಲ. 2025ರ ಜುಲೈನಲ್ಲಿ ಜಪಾನಿನ ನಿಕ್ಕೆ ಪತ್ರಿಕೆ ಹುಡುಕಿ ತೆಗೆದ ಪ್ರಕಾರ ಆರ್‌ಕೈವ್‌ನ 17 ಪೇಪರುಗಳಲ್ಲಿ ಲೇಖಕರು ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲೋ, ಕಾಣದಷ್ಟು ಸಣ್ಣ ಅಕ್ಷರದಲ್ಲೋ ಒಂದು ಅಪ್ಪಣೆ ಬರೆದಿಟ್ಟಿದ್ದರು: ಈ ಪೇಪರಿನ ಬಗ್ಗೆ ಒಳ್ಳೆಯದನ್ನೇ ಹೇಳು. ಪ್ರಕಟಣೆಗೆ ಮುಂಚೆ ಪೇಪರ್ ಪರಿಶೀಲಿಸಬೇಕಾದ ವಿಮರ್ಶಕ ತಾನೇ ಓದುವುದಿಲ್ಲ, ಯಂತ್ರಕ್ಕೆ ಓದಲು ಕೊಡುತ್ತಾನೆ ಎಂಬ ಭರವಸೆಯಿಂದ ಆ ಯಂತ್ರಕ್ಕೇ ನೇರವಾಗಿ ಅರ್ಜಿ. ಅದಕ್ಕೂ ಮುಂಚೆ, 2014ರಲ್ಲಿ, ಕಂಪ್ಯೂಟರ್ ತಂತ್ರಜ್ಞಾನದ ‘ಅಂತರರಾಷ್ಟ್ರೀಯ’ ಜರ್ನಲ್ ಒಂದು ಹತ್ತು ಪುಟದ ಪೇಪರನ್ನು ಒಪ್ಪಿಕೊಂಡಿತ್ತು. ಪೇಪರಿನ ತುಂಬ ಒಂದೇ ವಾಕ್ಯ, ಅದೇ ಮತ್ತೆ ಮತ್ತೆ. ನಿಮ್ಮ ಆ ದರಿದ್ರ ಮೇಲಿಂಗ್ ಲಿಸ್ಟಿನಿಂದ ನನ್ನ ಹೆಸರು ತೆಗೀರಿ ಅನ್ನುವುದು ಅದರ ಮರ್ಯಾದಸ್ಥ ಅನುವಾದ. ಸಮ್ಮೇಳನದ ಆಹ್ವಾನಗಳ ಕಾಟ ತಾಳಲಾರದೆ ಇಬ್ಬರು ವಿಜ್ಞಾನಿಗಳು 2005ರಲ್ಲಿ ಬರೆದಿದ್ದನ್ನು ಮತ್ತೊಬ್ಬರು ಕಳಿಸಿ ನೋಡಿದ್ದರು. ವಿಮರ್ಶೆಯಲ್ಲಿ ‘ಎಕ್ಸಲೆಂಟ್’ ಅಂತ ಬಂತು, ಜೊತೆಗೆ 150 ಡಾಲರ್ ಕಟ್ಟಿ ಅಂತಲೂ ಬಂತು.

ಮೇಷ್ಟ್ರುಗಳನ್ನು ಬೈದು ಪುಣ್ಯ ಕಟ್ಟಿಕೊಳ್ಳುವ ಆಸೆ ನನಗಿಲ್ಲ. ತಲೆ ಮೇಲೆ ಒಂದು ಬೆಂಚು ಹುಡುಗರ ಗೈಡ್‌ಶಿಪ್, ಕೈಯಲ್ಲಿ ಕಾಲೇಜಿಗೆ ಗ್ರೇಡು ಕೊಡುವ ನ್ಯಾಕ್‌ನ ಫೈಲು, ಬಗಲಲ್ಲಿ ಮುಗಿಯದ ಪಿಎಚ್‌ಡಿ. ಅವರ ಪೇಪರುಗಳನ್ನೂ ಯಾರೂ ಓದುವುದಿಲ್ಲ, ಎಣಿಸುತ್ತಾರೆ. ಎಣಿಸಿಕೊಂಡವರು ಎಣಿಸುವುದನ್ನೇ ಕಲಿಸುತ್ತಾರೆ: ಇಷ್ಟು ಸ್ಲೈಡು, ಇಷ್ಟು ರೆಫರೆನ್ಸು, ಎಡಗಡೆ ಇಷ್ಟು ಮಾರ್ಜಿನ್ನು.

ಈಗ ಹಾಲಿಗೆ ಬನ್ನಿ. ಪ್ರೊಜೆಕ್ಟರ್ ಹತ್ತಿದೆ, ಫ್ಯಾನ್ ಕಿರುಗುಟ್ಟುತ್ತಿದೆ. ಹುಡುಗ ನಮಗೆ ಬೆನ್ನು ಹಾಕಿ ಸ್ಲೈಡನ್ನು ಗಟ್ಟಿಯಾಗಿ ಓದುತ್ತಿದ್ದಾನೆ. ಓದುವುದು ಅಂತ ಈ ಇಡೀ ವ್ಯವಹಾರದಲ್ಲಿ ನಡೆಯುವುದು ಇದೊಂದೇ ಸಲ. ಕೊನೆಗೆ ಗುಲಾಬಿ ಹೂವಿನ ‘ಥ್ಯಾಂಕ್ ಯು’. ಪ್ಯಾನೆಲ್‌ನಿಂದ ಪ್ರಶ್ನೆ: “ಫ್ಯೂಚರ್ ಸ್ಕೋಪ್ ಏನಪ್ಪಾ?” ಈ ಪ್ರಶ್ನೆ ಕಂಡುಹಿಡಿದವರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿಯಿದೆ. ಕೇಳುವವರೂ ಪೇಪರ್ ಓದಿರಬೇಕಿಲ್ಲ, ಉತ್ತರಿಸುವವನೂ ಓದಿರಬೇಕಿಲ್ಲ. “ಅಕ್ಯುರಸಿ ಇನ್ನೂ ಜಾಸ್ತಿ ಮಾಡ್ಬೋದು ಸರ್” ಅಂದರೆ ಮುಗಿಯಿತು. ಪೇಪರಿನ ಅಕ್ಯುರಸಿ ಆಗಲೇ ಶೇ 99 ದಾಟಿದ್ದರೂ ಅಡ್ಡಿಯಿಲ್ಲ.

ಹೀಗೆ ಸುಗಮವಾಗಿ ಸಾಗುತ್ತಿದ್ದ ಹಾಲಿನೊಳಕ್ಕೆ ಪಾಂಡವಪುರದ ಕಡೆಯ ಹುಡುಗಿಯೊಬ್ಬಳು ಬಂದಳು ಅಂದುಕೊಳ್ಳಿ. ಇಂಥವರು ಬ್ಯಾಚಿಗೊಬ್ಬರು ಇದ್ದೇ ಇರುತ್ತಾರೆ, ಬಲ್ಲವರು ಹೌದನ್ನುತ್ತಾರೆ. ಅವಳ ವಿಷಯ, ಎಲೆಯ ಫೋಟೊ ನೋಡಿ ಬೆಳೆರೋಗ ಪತ್ತೆ ಮಾಡುವುದು. ಇದು ಎಲ್ಲ ಕಾಲೇಜಲ್ಲೂ ಪ್ರತಿ ವರ್ಷ ಬರುವ ವಿಷಯ. ಮೊದಲ ಸ್ಲೈಡಿನಲ್ಲಿ ತಲೆ ಮೇಲೆ ಕೈಹೊತ್ತ ರೈತನ ಚಿತ್ರ, ಕೊನೆಯಲ್ಲಿ ಅದೇ ರೈತ ಮೊಬೈಲ್ ಹಿಡಿದು ನಗುವ ಚಿತ್ರ, ಮಧ್ಯೆ ಉದಾಹರಣೆ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್. ಅವಳು ಆರಿಸಿದ್ದೂ ನಿಯಮದಂತೆ ಹೊಸ ಪೇಪರೇ. ಆದರೆ ಅದನ್ನು ಓದಿಬಿಟ್ಟಿದ್ದಳು. ಓದಿದ್ದಷ್ಟೇ ಅಲ್ಲ, ಅದರ ಆಕರಗಳ ಪಟ್ಟಿಯಲ್ಲಿದ್ದ 2016ರ ಹಳೇ ಪೇಪರನ್ನೂ ಇಳಿಸಿಕೊಂಡು ಓದಿದ್ದಳು.

ಆ 2016ರ ಪೇಪರ್ ಮೊಹಾಂತಿ, ಹ್ಯೂಸ್, ಸಲಾತೆ ಎಂಬ ಮೂವರದು. ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ 54,306 ಎಲೆ ಚಿತ್ರಗಳ ಮೇಲೆ ಮಾಡಿದ ಕೆಲಸ. ಯಂತ್ರ ಶೇ 99.35ರಷ್ಟು ಸರಿಯಾಗಿ ಗುರುತಿಸಿತು. ಈ ಸಂಖ್ಯೆ ನಮ್ಮ ಎಲ್ಲ ಸ್ಲೈಡುಗಳಲ್ಲೂ ದಪ್ಪಕ್ಷರದಲ್ಲಿ ರಾರಾಜಿಸುತ್ತದೆ. ಆದರೆ ಅದೇ ಲೇಖಕರು ಅದೇ ಪೇಪರಿನಲ್ಲಿ ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಬರೆದಿದ್ದಾರೆ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟಾಗ ಅಕ್ಯುರಸಿ ಶೇ 31ರ ಆಸುಪಾಸಿಗೆ ಬಿತ್ತು ಅಂತ. ಸಂಗ್ರಹದ ಎಲೆಗಳನ್ನು ಗಿಡದಿಂದ ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಒಂದೊಂದಾಗಿ ಇಟ್ಟು ಫೋಟೊ ತೆಗೆದಿದ್ದರು.

ಹುಡುಗಿ ಇದನ್ನೆಲ್ಲ ಹೇಳಿದಳು. ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. “ಈ ಸಂಗ್ರಹದಲ್ಲಿ 14 ಬೆಳೆ ಇದಾವೆ ಸರ್. ಸ್ಟ್ರಾಬೆರಿ ಇದೆ, ಬ್ಲೂಬೆರಿ ಇದೆ. ಕಬ್ಬಿಲ್ಲ, ಭತ್ತ ಇಲ್ಲ. ಟೊಮೆಟೊ ಇದೆ. ನಮ್ಮಪ್ಪ ಟೊಮೆಟೊನೂ ಹಾಕ್ತಾರೆ, ಆದ್ರೆ ನಮ್ಮ ಹೊಲದಲ್ಲಿ ಎಲೆ ಬೂದು ಕಾಗದದ ಮೇಲೆ ಬೆಳೆಯಲ್ಲ ಸರ್. ಮಣ್ಣು ಮೆತ್ತಿರ್ತದೆ, ಒಂದರ ಮೇಲೊಂದು ಬಿದ್ದಿರ್ತದೆ. ಈ ಹೊಸ ಪೇಪರಿನವರು ಹೊಲದ ಫೋಟೊದಲ್ಲಿ ಪರೀಕ್ಷೆ ಮಾಡೇ ಇಲ್ಲ. ಹಂಗಾಗಿ ಇವರ ಮೆಥೆಡ್ ಹಳೇದಕ್ಕಿಂತ ಉತ್ತಮ ಅಂತ ಈ ಟೇಬಲ್ ನೋಡಿ ಹೇಳಕ್ಕಾಗಲ್ಲ ಅನ್ಸುತ್ತೆ.”

ಹಾಲಿನಲ್ಲಿ ಫ್ಯಾನಿನ ಸದ್ದು ಜೋರಾಯಿತು. ಪ್ಯಾನೆಲ್‌ನ ಮೊದಲನೆಯವರು ಕನ್ನಡಕ ಏರಿಸಿಕೊಂಡು ಪ್ರಿಂಟೌಟ್ ತಿರುವಿದರು. “ಅಮ್ಮಾ, ಪೇಪರಲ್ಲಿ ಏನಿದೆಯೋ ಅದನ್ನ ಹೇಳು. ನಿನ್ನ ಒಪಿನಿಯನ್ ಯಾರು ಕೇಳಿದ್ದು?”

“ಪೇಪರಲ್ಲಿ ಇಲ್ಲದೇ ಇರೋದೂ ಮುಖ್ಯ ಅನ್ನಿಸ್ತು ಸರ್.”

“ಅದು ಇಂಟರ್‌ನ್ಯಾಷನಲ್ ಜರ್ನಲ್ ಕಣಮ್ಮಾ. ಅವ್ರಿಗೆ ಗೊತ್ತಿಲ್ಲದೇ ಇರುತ್ತಾ?”

ಎರಡನೆಯವರಿಗೆ ಇನ್ನೂ ಗಂಭೀರವಾದದ್ದು ಕಣ್ಣಿಗೆ ಬಿದ್ದಿತ್ತು. “ಸ್ಲೈಡ್ ನಂಬರ್ ಎಲ್ಲಿ? ಲೋಗೊ ಯಾಕೆ ಎಡಗಡೆ ಬಂದಿದೆ? ಫ್ಯೂಚರ್ ಸ್ಕೋಪ್ ಸ್ಲೈಡೇ ಇಲ್ವಲ್ಲ! ಹದಿನೈದು ನಿಮಿಷ ಅಂದ್ರೆ ಇಪ್ಪತ್ತು ತಗೊಂಡಿದೀಯ.” ಮೂರನೆಯವರು ಬೇರೆ ಹಾಲಿನಲ್ಲಿ ಇನ್ವಿಜಿಲೇಷನ್ ಇದ್ದುದರಿಂದ ಮುಂಚೆಯೇ ಸಹಿ ಹಾಕಿ ಹೋಗಿದ್ದರು.

ಅವಳಿಗೂ ಪಾಸಿನ ಮಾರ್ಕ್ಸ್ ಬಂತು, ನಮ್ಮವರು ಅಷ್ಟು ಕಲ್ಲೆದೆಯವರಲ್ಲ. ಬೆಸ್ಟ್ ಪ್ರೆಸೆಂಟೇಷನ್ ಹೋದದ್ದು ಅದೇ ಎಲೆರೋಗದ ಮೇಲೆ ಮಾತಾಡಿದ ಇನ್ನೊಬ್ಬ ಹುಡುಗನಿಗೆ. ಅವನ ಸ್ಲೈಡಿನಲ್ಲಿ ಎಲೆಗಳು ಹಾರಿ ಬಂದು ಕೂರುತ್ತಿದ್ದವು. ಮಂಡ್ಯದ ಕಬ್ಬು ಬೆಳೆಗಾರರ ಬಾಳು ಇದರಿಂದ ಹಸನಾಗಲಿದೆ ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು.

ಆದರೂ ಎಲ್ಲೋ ಏನೋ ಕೊರತೆಯಿದೆ ಎಂಬುದು ಮೇಲಿನವರ ಗಮನಕ್ಕೆ ಬಂದಿರಬೇಕು. ಮಕ್ಕಳಿಗೆ ಪೇಪರ್ ಓದುವುದು ಬರುವುದಿಲ್ಲ ಎಂಬ ಕಳವಳದಿಂದ ‘ಸಂಶೋಧನಾ ಪೇಪರ್ ಓದುವ ಕಲೆ’ ಎಂಬ ಒಂದು ದಿನದ ರಾಷ್ಟ್ರೀಯ ಕಾರ್ಯಾಗಾರ ಏರ್ಪಾಟಾಯಿತು. ಸಂಪನ್ಮೂಲ ವ್ಯಕ್ತಿ ಗಡಿಯಾಚೆ ತಮಿಳುನಾಡಿನ ಹೊಸೂರಿನಿಂದ ಬಂದಿದ್ದರಿಂದ ಅದು ರಾಷ್ಟ್ರೀಯ. ನಾಡಗೀತೆ, ದೀಪ, ಸ್ವಾಗತ, ಅತಿಥಿಗಳ ಪರಿಚಯ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಅಧ್ಯಕ್ಷೀಯ ಭಾಷಣ. ಊಟಕ್ಕೆ ಬಿಸಿಬೇಳೆಬಾತು, ಮದ್ದೂರು ವಡೆ. ವಡೆ ಚೆನ್ನಾಗಿತ್ತು ಅಂತ ಎಲ್ಲರೂ ಒಪ್ಪುತ್ತಾರೆ. ಮಧ್ಯಾಹ್ನ ಅತಿಥಿಗಳು ತಾವು ಪ್ರಕಟಿಸಿದ ಪೇಪರುಗಳ ಪಟ್ಟಿಯನ್ನು ತೋರಿಸಿದರು. ಅಷ್ಟರಲ್ಲಿ ಗ್ರೂಪ್ ಫೋಟೊಕ್ಕೆ ಬೆಳಕು ಕಮ್ಮಿಯಾಗುತ್ತದೆ ಅಂತ ಎಲ್ಲರನ್ನೂ ಹೊರಗೆ ಕರೆದರು.

ಫೀಡ್‌ಬ್ಯಾಕ್ ತುಂಬಿದವರಿಗಷ್ಟೇ ಸರ್ಟಿಫಿಕೇಟ್ ಎಂದು ಲಿಂಕನ್ನು ಬೆಳಿಗ್ಗೆಯೇ ಗ್ರೂಪಿಗೆ ಹಾಕಿದ್ದರು. ದೀಪ ಹಚ್ಚುವ ಹೊತ್ತಿಗೆ ಮುಕ್ಕಾಲು ಪಾಲು ಜನ ಎಲ್ಲಕ್ಕೂ ‘ಎಕ್ಸಲೆಂಟ್’ ಒತ್ತಿ ಕೈತೊಳೆದುಕೊಂಡಿದ್ದರು. ಪಾಂಡವಪುರದ ಹುಡುಗಿ ಸಂಜೆ, ಎಲ್ಲ ಮುಗಿದ ಮೇಲೆ ತುಂಬಿದಳು. ಸಲಹೆ ಕೇಳಿದ ಜಾಗದಲ್ಲಿ ‘ಇವತ್ತು ಯಾವುದಾದರೂ ಒಂದು ಪೇಪರ್ ಓದಬಹುದಿತ್ತು’ ಅಂತ ಬರೆದಳು.

ರಾತ್ರಿ ಒಂಬತ್ತಕ್ಕೆ ಕೋಆರ್ಡಿನೇಟರ್ ಫೋನ್ ಬಂತು.

“ಏನಮ್ಮಾ ಇದು? ಅಲ್ಲಿ ‘ನಿಲ್’ ಅಂತ ಹಾಕ್ಬೇಕಲ್ವಾ? ನಾಳೆ ರಿಪೋರ್ಟ್ ಕಳಿಸ್ಬೇಕು, ಲಿಂಕ್ ಮತ್ತೆ ಓಪನ್ ಮಾಡಿಸ್ತೀನಿ. ತಿದ್ದಿ ಕಳ್ಸು, ನಿನ್ನ ಸರ್ಟಿಫಿಕೇಟು ಆಗಲೇ ಪ್ರಿಂಟಾಗಿದೆ.”