ನಾಲಿಗೆಯ ಮೇಲಿನ ಸ್ಪಾಟ್

ಮೊನ್ನೆ ಶುಕ್ರವಾರದ ಮಳೆಗೆ ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿದ್ದ ಸ್ಕೂಟರುಗಳೆಲ್ಲ ಅರ್ಧ ಮುಳುಗಿದವು. ಈ ಸಲ ನೀರು ನುಗ್ಗುವುದು ಖಂಡಿತವೆಂದು, ಕನ್ನಡ ಬಾರದ ನಮ್ಮ ಮೇಲಧಿಕಾರಿ ಬುಧವಾರವೇ ನುಡಿದಿದ್ದರು. ಮುಳುಗಿದವುಗಳಲ್ಲಿ ನನ್ನದೂ ಒಂದಿದ್ದರೂ ಹೊಗಳುವ ಅವಕಾಶವನ್ನು ಬಿಡಬಾರದೆಂದು, 'ಸರ್, ಯುವರ್ ಪ್ರೆಡಿಕ್ಷನ್ ವಾಸ್ ಆನ್ ದಿ ಸ್ಪಾಟ್' ಎಂದು ಇಡೀ ವಿಭಾಗಕ್ಕೆ ಇಮೇಲ್ ಕಳುಹಿಸಿದೆ.

ನಮ್ಮಲ್ಲೊಬ್ಬ ತಿದ್ದುಗಾರರಿದ್ದಾರೆ. ಸಂಬಳದ ಚೀಟಿಯಲ್ಲೂ ಮೊದಲು ಅಲ್ಪವಿರಾಮ ನೋಡಿ, ಆಮೇಲೆ ಮೊತ್ತ ನೋಡುವ ಜೀವ. ಎರಡೇ ನಿಮಿಷದಲ್ಲಿ ಎಲ್ಲರಿಗೂ ಕಾಣುವಂತೆ ಅವರ ಉತ್ತರ ಬಂದಿತು: ನುಡಿದದ್ದು ಕರಾರುವಾಕ್ಕಾಗಿ ನಡೆದರೆ ಅದು 'ಸ್ಪಾಟ್ ಆನ್', 'ಆನ್ ದಿ ಸ್ಪಾಟ್' ಎಂದರೆ ಸಂಚಾರಿ ಪೊಲೀಸರು ದಂಡ ಹಾಕುವಂತೆ, ನಿಂತ ಜಾಗದಲ್ಲೇ. ಒಪ್ಪಿಕೊಂಡು 'ಎ ಸ್ಪಾಟ್ ಆನ್ ಪ್ರೆಡಿಕ್ಷನ್' ಎಂದು ಬರೆದೆ. ನಾಮಪದದ ಮುಂಚೆ ಬಂದಾಗ ನಡುವೆ ಹೈಫನ್ ಬೇಕು, ಕ್ರಿಯಾಪದದ ನಂತರವಾದರೆ ಬೇಡ ಎಂದರು. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲದ ಆ ಗೆರೆಯನ್ನು ಎಳೆದು, ಭಕ್ತಿ ಹೆಚ್ಚಾಗಿ 'ಸ್ಪಾಟ್'ಗೂ ಮುಂಚೆ ಒಂದು 'ವೆರಿ' ಸೇರಿಸಿದೆ. ಗುರಿಗೆ ತಾಗಿದ ಬಾಣ ಇನ್ನೂ 'ಬಹಳ' ತಾಗುವುದು ಹೇಗೆಂದು ಕೇಳಿದರು. ಸಾಕಾಗಿ, ಅದೇ ಅರ್ಥದ 'ಆನ್ ದಿ ಮನಿ' ಎಂದೆ. ಅದು ಅಮೆರಿಕದ್ದು, ನಮ್ಮ ಕಚೇರಿಯದು ಬ್ರಿಟಿಷ್ ಇಂಗ್ಲಿಷ್ ಎಂದರು. ನನ್ನ ಮನಿ ಅಷ್ಟರಲ್ಲಾಗಲೇ ಮೆಕ್ಯಾನಿಕ್‌ನ ಜೇಬಿನಲ್ಲಿತ್ತು.

ಕೆಳಗಿಳಿದಾಗ ಕಾವಲುಗಾರ, "ಏನ್ ಸಾರ್, ಗಾಡಿ ಸ್ಪಾಟ್ ಔಟಾ?" ಎಂದ. ಇಡೀ ದಿನದಲ್ಲಿ ಯಾರೂ ತಿದ್ದಲಾಗದಂತಹ ಇಂಗ್ಲಿಷ್ ಕೇಳಿದ್ದು ಅದೊಂದೇ.

ನಮ್ಮಜ್ಜಿಗೆ ಈ ತೊಡಕೇ ಇರಲಿಲ್ಲ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತಿದವೆಂದರೆ, ಉರಿಬಿಸಿಲಿನಲ್ಲೂ ಹಪ್ಪಳದ ಚಾಪೆಯನ್ನು ಒಳಗೆ ಎಳೆಸುತ್ತಿದ್ದಳು. ಸಂಜೆಗೆ ಮಳೆ ಬಂದರೆ, ಅವಳ ನಾಲಿಗೆಯ ಮೇಲೆ ಮಚ್ಚೆಯಿದೆ ಎನ್ನುತ್ತಿದ್ದೆವು. ಒಮ್ಮೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು ಹುಡುಕಿಯೂ ಇದ್ದೆವು. ಎಲೆಯಡಿಕೆಯ ಕೆಂಪಿನಲ್ಲಿ ಮಚ್ಚೆ ಕಾಣಲಿಲ್ಲ, ಅವಳಿಗೆ ಮಾತ್ರ ನಗು ತಡೆಯಲಾಗಲಿಲ್ಲ.

ಸೋಮವಾರ ಮೇಲಧಿಕಾರಿಗಳು, ಈ ವಾರವೂ ನೀರು ನುಗ್ಗಲಿದೆ ಎಂದರು. ಇಂಗ್ಲಿಷಿನ ಸಹವಾಸ ಬೇಡವೆಂದು ನಾನು ಕನ್ನಡದಲ್ಲೇ, "ಸರ್, ನಿಮ್ಮ ನಾಲಿಗೆಯಲ್ಲಿ ಮಚ್ಚೆಯಿದೆ" ಎಂದೆ. ಅವರು ಅರ್ಥವಾಗದೆ ತಿದ್ದುಗಾರರತ್ತ ನೋಡಿದರು. ತಿದ್ದುಗಾರರು ಗಂಟಲು ಸರಿಪಡಿಸಿಕೊಂಡು ಅನುವಾದಿಸಿದರು: "ಸರ್, ದೇರ್ ಈಸ್ ಎ ಸ್ಪಾಟ್ ಆನ್ ಯುವರ್ ಟಂಗ್."

ಮೇಲಧಿಕಾರಿಗಳು ಕನ್ನಡಿ ಹುಡುಕಿಕೊಂಡು ಹೋದವರು ಇನ್ನೂ ಬಂದಿಲ್ಲ.