ಹಗೇವಿಗೊಂದು ಎಸಿ

ಕೃಷಿ ಇತಿಹಾಸಕ್ಕೊಂದು ಮ್ಯೂಸಿಯಂ ಕಟ್ಟುತ್ತಾರಂತೆ. ನಕ್ಷೆ ತೋರಿಸುವ ಸಭೆಗೆ 'ರೈತ ಪ್ರತಿನಿಧಿ' ಅಂತ ನನ್ನನ್ನೂ ಕರೆದಿದ್ದರು. ನಾನು ನೇಗಿಲು ಹಿಡಿದು ಇಪ್ಪತ್ತು ವರ್ಷವಾಯಿತು. ಪರವಾಗಿಲ್ಲ, ಆ ಕೋಣೆಯಲ್ಲಿ ಹಿಡಿದಿದ್ದವನು ನಾನೊಬ್ಬನೇ.

ಮೇಜಿನ ಮೇಲೆ ಥರ್ಮಾಕೋಲ್ ಮಾಡೆಲ್ ಇತ್ತು. ನೇಗಿಲಿನ ಆಕಾರದ ಕಟ್ಟಡ. ಹೆಲಿಕಾಪ್ಟರ್‌ನಿಂದ ನೋಡಿದರೆ ನೇಗಿಲು, ನೆಲದಿಂದ ನೋಡಿದರೆ ಕಲ್ಯಾಣ ಮಂಟಪ. ಜಾಗ ಹತ್ತು ಎಕರೆ ರಾಗಿ ಹೊಲ. "ರಾಗಿ ತೆಗೆದು ಲಾನ್ ಹಾಕ್ತೀವಿ ಸಾರ್. ಮೂಲೇಲಿ ಅರ್ಧ ಗುಂಟೆ ರಾಗಿ ಬೆಳೆದು ಮಕ್ಕಳಿಗೆ ತೋರಿಸ್ತೀವಿ" ಅಂದರು ಆರ್ಕಿಟೆಕ್ಟ್.

ಬಾಗಿಲ ಹತ್ತಿರದ ಹಾಲ್‌ನಲ್ಲಿ ಮೂರು ತಾಳಿನ ಕೂರಿಗೆ ತಲೆಕೆಳಗಾಗಿ ನೇತಾಡುತ್ತಿತ್ತು, ತಾಳಿಗೊಂದು ಬಲ್ಬು. ಬಟ್ಟಲಿಗೆ ಕಾಳು ಬಿಟ್ಟರೆ ಕೊಳವೆಯಲ್ಲಿ ಇಳಿದು ಮೂರು ಸಾಲಿಗೂ ಬೀಳಬೇಕು, ಹೀಗೆ ಕಟ್ಟಿದರೆ ಬಿತ್ತನೆ ಸೂರಿಗಾಗುತ್ತೆ ಅಂದೆ. "ಅದು ಲೈಟ್ ಸಾರ್" ಅಂದರು.

ಧಾನ್ಯದ ವಿಭಾಗಕ್ಕೆ ನಾಲ್ಕು ಕಡೆ ಗಾಜು. ಬಿಸಿಲಿಗೆ ಒಳಗೆ ಬೇಯುತ್ತಲ್ಲಾ ಅಂದರೆ ಎಸಿ ಇದೆ, ಕರೆಂಟ್ ಹೋದರೆ ಜನರೇಟರ್ ಇದೆ. ನಾನು ಹಗೇವಿನ ಕಥೆ ತೆಗೆದೆ. ನೆಲದೊಳಗಿನ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ತುಂಬಿ ಮುಚ್ಚಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿಯೇ ಇಲ್ಲದ ಮೇಲೆ ಹುಳ ಬದುಕೋದು ಹೇಗೆ? ಮನುಷ್ಯರೂ ಅಷ್ಟೇ. ಬಾಯಿ ತೆಗೆದು ಗಾಳಿಯಾಡಲು ಬಿಡದೆ ಇಳಿದು ಸತ್ತವರಿದ್ದಾರೆ.

"ಗಾಳಿ ಇಲ್ವಾ? ಛೆ!" ಅಂದ ಅಧಿಕಾರಿ ಬರೆದುಕೊಂಡರು: ಹಗೇವಿಗೆ ಎಸಿ, ಒಂದೂವರೆ ಟನ್.

ಕಡೆಗೆ, ರೈತರ ಹೋರಾಟ ಎಲ್ಲಿ ಇಡ್ತೀರಿ ಅಂತ ಕೇಳಿದೆ. 1980ರಲ್ಲಿ ನರಗುಂದದ ರೈತರು ಮಲಪ್ರಭಾ ನೀರಿನ ಕರದ ವಿರುದ್ಧ ನಿಂತಾಗ ಗುಂಡು ಹಾರಿತ್ತು. ಅದಕ್ಕೂ ಮೊದಲು, 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದಿದ್ದು ಕೊಳಗದ ಮೇಲೇ ಅಲ್ವಾ? ಗೇಣಿ ಭತ್ತ ಅಳೆಯೋಕೆ ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು.

"ಹೋರಾಟಕ್ಕೆ ಜಾಗ ಸಾಲಲಿಲ್ಲ ಸಾರ್, ಫುಡ್ ಕೋರ್ಟ್ ಸ್ವಲ್ಪ ದೊಡ್ಡದಾಯ್ತು. ಆದ್ರೆ ಕೊಳಗ ಇದೆ!" ಆರ್ಕಿಟೆಕ್ಟ್ ಖುಷಿಯಿಂದ ಟಿಕೆಟ್ ಕೌಂಟರ್ ಪಕ್ಕ ಬೆರಳಿಟ್ಟರು. ಥಳಥಳ ಹಿತ್ತಾಳೆ, ಮೇಲೆ ದುಡ್ಡು ಹಾಕೋಕೆ ಸೀಳು. ಕಾಣಿಕೆ ಡಬ್ಬಿಯಂತೆ.

"ಅಸಲಿ ಅಳತೆಗಿಂತ ಒಂಚೂರು ದೊಡ್ಡದೇ ಮಾಡಿಸ್ತಿದ್ದೀವಿ ಸಾರ್. ಜಾಸ್ತಿ ಹಿಡೀಲಿ ಅಂತ."