ಒಸಡಿಗಿಂತ ಅಂಗುಳೇ ಹೆಚ್ಚು ಕಾಡುತ್ತದೆ

ಒಸಡಿನ ಕಸಿ (ಒಸಡು ಕುಗ್ಗಿದ ಜಾಗಕ್ಕೆ ಬಾಯಿಯ ಬೇರೆಡೆಯಿಂದ ತೆಗೆದ ಅಂಗಾಂಶವನ್ನು ಹೊಲಿಯುವ ಚಿಕಿತ್ಸೆ) ಆದ ಎರಡೇ ದಿನಕ್ಕೆ ಎಂದಿನಂತೆ ಊಟ ಮಾಡಬಹುದು ಎಂದು ಲೇಖನವೊಂದರಲ್ಲಿ ಓದಿದೆ, ಆ ಮಾತನ್ನು ನಾನು ಒಪ್ಪಲಾರೆ. ಕಳೆದ ವರ್ಷ ಕೆಳದವಡೆಯ ಎರಡು ಹಲ್ಲುಗಳಿಗೆ ಇದನ್ನು ಮಾಡಿಸಿಕೊಂಡವಳು ನಾನು. ಕಸಿ ಕೂರಿಸಿದ ಜಾಗ ಅಷ್ಟೇನೂ ನೋಯಲಿಲ್ಲ. ಅದಕ್ಕಾಗಿ ಚೂರು ಅಂಗಾಂಶ ತೆಗೆದ ಅಂಗುಳು ಮಾತ್ರ ಬಿಸಿ ಹಾಲು ಕುಡಿದು ಸುಟ್ಟುಕೊಂಡಂತೆ ವಾರವಿಡೀ ಉರಿಯಿತು. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ! ಅಂಗುಳಿನ ಗಾಯ ಮುಚ್ಚುವ ಪ್ಲಾಸ್ಟಿಕ್ ಕವಚವೊಂದಿದೆ, ವೈದ್ಯರನ್ನು ಮೊದಲೇ ಕೇಳಿ. ಹತ್ತು ದಿನ ನನಗೆ ಆರಿದ ರಾಗಿ ಗಂಜಿ, ನುಣ್ಣಗೆ ಕಲಸಿದ ಮೊಸರನ್ನವೇ ಗತಿಯಾಗಿತ್ತು (ಒಗ್ಗರಣೆಯ ಸಾಸಿವೆಯೂ ಬೇಡ, ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ). ಹೊಲಿಗೆ ಬಿಚ್ಚಿದ್ದು 14ನೇ ದಿನ. ಅಲ್ಲಿಯವರೆಗೆ ಆ ಜಾಗಕ್ಕೆ ಬ್ರಷ್ ತಾಗಿಸುವಂತಿರಲಿಲ್ಲ, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದಿಂದ ಬಾಯಿ ಮುಕ್ಕಳಿಸುವುದಷ್ಟೇ. ಅದರಿಂದ ಹಲ್ಲಿಗೆ ಕಂದು ಕಲೆ ಹತ್ತಿದರೆ ಗಾಬರಿ ಬೇಡ, ಆಮೇಲೆ ಕ್ಲಿನಿಕ್‌ನಲ್ಲಿ ಉಜ್ಜಿ ತೆಗೆಯುತ್ತಾರೆ. ಮೊದಲ ದಿನಗಳಲ್ಲಿ ಕಸಿ ಬಿಳುಚಿಕೊಂಡು ಸತ್ತಂತೆ ಕಾಣುವುದೂ ಸಹಜವೇ. ನಾನಂತೂ ಹೆದರಿ ದಿನಕ್ಕೆ ಹತ್ತು ಬಾರಿ ಕನ್ನಡಿಯ ಮುಂದೆ ತುಟಿ ಎಳೆದು ನೋಡುತ್ತಿದ್ದೆ. ಹಾಗೆ ಎಳೆದರೇ ಕಸಿ ಕದಲುವುದು ಎಂದು ವೈದ್ಯರಿಂದ ಚೆನ್ನಾಗಿ ಬೈಸಿಕೊಂಡೆ.